ಎತ್ತಿದರೆ ಬರುವ ಬಾಗಿಲು

ಬೆಟ್ಟದಿಂದ ಇಳಿದು ಬರುವ ಹೊಳೆ ಬಯಲು ಮುಟ್ಟುವ ಮುಂಚೆ ಒಂದು ಕಡೆ ಅಗಲವಾಗಿ ಹರಡಿಕೊಳ್ಳುತ್ತಿತ್ತು. ಆ ದಂಡೆಯ ಮೇಲೆ ಒಂದು ಸಣ್ಣ ಆಶ್ರಮ. ಹಂಚಿನ ಮನೆ, ಹೊಂಗೆ ಮರ, ಮರದ ಕೆಳಗೊಂದು ಹಳೆಯ ಜೀಪು.

ಆಶ್ರಮದ ಗುರುವನ್ನು ಜನ ಹೊಳೆದಂಡೆ ಅವ್ವ ಎಂದು ಕರೆಯುತ್ತಿದ್ದರು. ಬೇರೆ ಹೆಸರು ಇತ್ತೋ ಇಲ್ಲವೋ, ಯಾರೂ ಕೇಳಿರಲಿಲ್ಲ. ತಲೆ ಪೂರಾ ಬೆಳ್ಳಗಾಗಿತ್ತು. ಜೀಪನ್ನು ಅವರೇ ಓಡಿಸುತ್ತಿದ್ದರು.

ಬೆಟ್ಟದ ಮೇಲಿನ ದೊಡ್ಡಿಗಳಿಗೆ, ಆ ಸಣ್ಣ ಸಣ್ಣ ಹಳ್ಳಿಗಳಿಗೆ, ರಸ್ತೆ ಇರಲಿಲ್ಲ. ಬಂಡೆಗಳ ನಡುವೆ ಒಂದು ಜಾಡು ಇತ್ತು, ಅಷ್ಟೇ. ಅಲ್ಲಿ ಯಾರಿಗಾದರೂ ಜ್ವರ ಏರಿದರೆ, ಹಾವು ಕಚ್ಚಿದರೆ, ಹೆರಿಗೆ ನೋವು ಕಾಣಿಸಿಕೊಂಡರೆ ಅವ್ವನ ಜೀಪು ಮೇಲಕ್ಕೆ ಹೋಗಬೇಕು. ಅವರನ್ನು ಕೆಳಗೆ ತಂದು, ಹೊಳೆ ದಾಟಿಸಿ, ಆಚೆ ದಡದ ಆಸ್ಪತ್ರೆ ಮುಟ್ಟಿಸಬೇಕು.

ಅಲ್ಲಿಗೆ ಶಿವಮಲ್ಲು ಎಂಬುವನು ಬಂದ.

"ಏನು ಕಲೀಬೇಕು ಅಂತ ಬಂದೆ?" ಎಂದು ಅವ್ವ ಕೇಳಿದರು.

"ಗೊತ್ತಿಲ್ಲ ಅವ್ವ. ನಿಮ್ಮ ಹತ್ರ ಇರಬೇಕು ಅನ್ನಿಸ್ತು."

"ಮುಂಚೆ ಏನು ಮಾಡ್ತಿದ್ದೆ?"

"ಗ್ಯಾರೇಜಲ್ಲಿ ವೆಲ್ಡಿಂಗ್ ಕೆಲಸ."

"ಹಾಗಾದರೆ ಜೀಪಿನ ಹತ್ರ ಇರು."

ಶಿವಮಲ್ಲು ಜೀಪಿನ ಸುತ್ತ ಒಂದು ಸುತ್ತು ಬಂದ. ಬಾಗಿಲುಗಳು ತುಕ್ಕು ಹಿಡಿದು ಜಾಲರಿಯಂತಾಗಿದ್ದವು. ಚಿಲಕದ ಬದಲು ಹಗ್ಗ ಕಟ್ಟಿತ್ತು. ಇಂಥ ಗಾಡಿಯಲ್ಲಿ ಕೂತು ಈ ಮುದುಕಿ ಆ ಜಾಡು ಹತ್ತುತ್ತಾರೆಯೇ ಎಂದುಕೊಂಡು ಆ ಹಗ್ಗವನ್ನು ಎಳೆದು ನೋಡಿದ.

ಯಾರೂ ಹೇಳದೆಯೇ ಅವನು ಹೊಸ ಬಾಗಿಲು ಮಾಡಿದ. ದಪ್ಪ ತಗಡು, ಸುತ್ತ ಆಂಗಲ್ ಕಬ್ಬಿಣದ ಚೌಕಟ್ಟು, ಅಂಚಿಗೆ ರಬ್ಬರು. ಮುಚ್ಚಿದರೆ ಧಪ್ ಎಂದು ತಿಜೋರಿ ಮುಚ್ಚಿದ ಸದ್ದು ಬರಬೇಕು, ಹಾಗೆ ಮಾಡಿದ. ಹಸಿರು ಬಣ್ಣ ಹೊಡೆದ.

ಅವ್ವ ಬಂದು ಬಾಗಿಲನ್ನು ತಟ್ಟಿ ನೋಡಿದರು.

"ಗಟ್ಟಿಯಾಗಿದೆ. ನನ್ನನ್ನ ಯಾರಾದರೂ ಕದ್ದುಕೊಂಡು ಹೋಗ್ತಾರೆ ಅಂತ ಮಾಡಿದೆಯೇನಪ್ಪ?"

"ಅಲ್ಲ ಅವ್ವ. ಜಾಡಿನಲ್ಲಿ ನೀವು ಎಲ್ಲಾದರೂ ಆಚೆ ಬಿದ್ದುಬಿಟ್ಟರೆ?"

ಅವ್ವ ಜೀಪಿನ ಇನ್ನೊಂದು ಕಡೆಗೆ ಹೋಗಿ ಕೂತರು. "ನಡಿ, ಇವತ್ತು ನೀನು ಓಡಿಸು" ಎಂದರು.

ಜಾಡು ಬೆಟ್ಟದ ಪಕ್ಕೆಗೆ ಅಂಟಿಕೊಂಡು ಹೋಗುತ್ತಿತ್ತು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಕಣಿವೆ. ಕಣಿವೆಯ ಅಂಚಿನಲ್ಲಿ ಅವ್ವ ಜೀಪು ನಿಲ್ಲಿಸಲು ಹೇಳಿದರು.

"ನಿನ್ನ ಕಡೆ ಮುಂದಿನ ಚಕ್ರ ಎಲ್ಲಿದೆ?"

ಶಿವಮಲ್ಲು ಕತ್ತು ಉದ್ದ ಮಾಡಿ ನೋಡಿದ. ಅವನೇ ಮಾಡಿದ ಹಸಿರು ಬಾಗಿಲು ಕಾಣಿಸಿತು. ಅದರಾಚೆ ಏನೂ ಕಾಣಿಸಲಿಲ್ಲ.

"ಕಾಣ್ತಿಲ್ಲ ಅವ್ವ. ನೆಲದ ಮೇಲೇ ಇರಬೇಕು."

ಅವ್ವ ಇಳಿದು ಸುತ್ತಿಕೊಂಡು ಬಂದರು. ಚಕ್ರದ ಮಗ್ಗುಲಿಗೆ ತಾಗಿಕೊಂಡಿದ್ದ ಒಂದು ಕಲ್ಲನ್ನು ಕಾಲಿನಿಂದ ಮೆಲ್ಲಗೆ ನೂಕಿದರು.

ಕಲ್ಲು ಮಾಯವಾಯಿತು. ಸದ್ದು ಬರುವುದಕ್ಕೆ ಬಹಳ ಹೊತ್ತು ಹಿಡಿಯಿತು.

"ಆ ಕಲ್ಲು ಇತ್ತಲ್ಲ, ಅಲ್ಲಿದೆ ನಿನ್ನ ಚಕ್ರ" ಎಂದರು ಅವ್ವ.

ಶಿವಮಲ್ಲು ಬ್ರೇಕನ್ನು ಇನ್ನಷ್ಟು ಒತ್ತಿದ. ಅವ್ವ ಮುಂದೆ ನಿಂತು ಕೈಸನ್ನೆ ಮಾಡುತ್ತಾ ಗಾಡಿಯನ್ನು ಅಂಚಿನಿಂದ ಈಚೆಗೆ ಬರಿಸಿದರು.

ಆಶ್ರಮಕ್ಕೆ ಮರಳಿದ ಮೇಲೆ ಅವರು ಹೇಳಿದರು: "ಮಳೆ ಬಂದಾಗ ಬಾಗಿಲು ಬೇಕು. ಇಳಿಜಾರಿನಲ್ಲಿ ಚಕ್ರ ನೋಡುವಾಗ ಬೇಡ. ನಡೆಯಲಾರದವರನ್ನ ಎತ್ತಿ ಒಳಗೆ ಕೂರಿಸುವಾಗ ಬೇಡ. ಬೇಕು ಅಂದಾಗ ಇರಬೇಕು, ಬೇಡ ಅಂದ ತಕ್ಷಣ ಇರಬಾರದು. ಅಂಥ ಬಾಗಿಲು ಮಾಡ್ತೀಯಾ?"

"ಮಾಡ್ತೀನಿ ಅವ್ವ" ಎಂದ ಶಿವಮಲ್ಲು. ಇದೇನು ಮಹಾ ಕೆಲಸ ಎಂದುಕೊಂಡ.

ಅವನು ಕೀಲುಗಳನ್ನು ಕತ್ತರಿಸಿ ಬೋಲ್ಟು ನಟ್ಟಿನ ಕೀಲು ಕೂರಿಸಿದ. ಸ್ಪ್ಯಾನರ್ ಹಿಡಿದು ನಟ್ಟು ಬಿಚ್ಚಿದರೆ ಬಾಗಿಲು ಆಚೆ ಬರುತ್ತಿತ್ತು. ಅವ್ವನನ್ನು ಕರೆದು ತೋರಿಸಲು ನಿಂತ.

ಅವ್ವ ಹೊಳೆಯಿಂದ ನೀರು ತರುತ್ತಿದ್ದರು. ತುಂಬಿದ ಕೊಡವನ್ನು ತಂದು ಅವನ ಸೊಂಟದ ಮೇಲೆ ಇಟ್ಟರು.

"ಹ್ಞೂಂ, ಈಗ ತೆಗಿ."

ಕೊಡ ಅಲುಗಿತು. ನೀರು ಅವನ ಕಾಲ ಮೇಲೆ ಚೆಲ್ಲಿತು. ಸ್ಪ್ಯಾನರ್ ಕೈತಪ್ಪಿ ಬಿತ್ತು.

"ಒಂದು ಕೈಯಲ್ಲಿ ಹೇಗಾಗುತ್ತೆ ಅವ್ವ?"

"ಎರಡು ಕೈಯನ್ನೂ ಬಾಗಿಲಿಗೇ ಕೊಟ್ಟುಬಿಟ್ಟರೆ ಕಾಯಿಲೆಯವರನ್ನ ಯಾವ ಕೈಯಲ್ಲಿ ಹಿಡಿದುಕೊಳ್ತೀಯ?"

ಅವ್ವ ಕೊಡ ಎತ್ತಿಕೊಂಡು ಅಡುಗೆಮನೆಗೆ ಹೋದರು.

ಶಿವಮಲ್ಲು ಯೋಚಿಸಿದ. ಊಟದ ಹೊತ್ತಿನಲ್ಲೂ ಯೋಚಿಸಿದ. ಮರಳಿನ ಮೇಲೆ ಕಡ್ಡಿಯಲ್ಲಿ ಗೀಚಿ ಅಳಿಸಿದ. ಬೀಗ ಹಾಕಿ ನೋಡಿದ, ಕೊಂಡಿ ಹಾಕಿ ನೋಡಿದ. ಒಂದು ಬಿಗಿಯಾಗಿ ನಿಂತರೆ ಬೇಗ ಬರುತ್ತಿರಲಿಲ್ಲ. ಇನ್ನೊಂದು ಬೇಗ ಬಂದರೆ ನಿಲ್ಲುತ್ತಿರಲಿಲ್ಲ.

ಕೊನೆಗೆ ಅವ್ವನ ಬಳಿಗೆ ಬಂದ. "ನನಗೆ ಹೊಳೀತಿಲ್ಲ. ಹೇಗೆ ಮಾಡಲಿ, ಹೇಳಿ."

"ಹಿಟ್ಟು ಮುಗಿದಿದೆ" ಎಂದರು ಅವ್ವ. "ಒಂದಿಷ್ಟು ರಾಗಿ ಬೀಸು."

ಶಿವಮಲ್ಲುವಿಗೆ ಬೇಸರವಾಯಿತು. ಕೇಳಿದ್ದು ಒಂದು, ಹೇಳಿದ್ದು ಇನ್ನೊಂದು. ಆದರೂ ಬೀಸುವ ಕಲ್ಲಿನ ಮುಂದೆ ಕೂತ. ಹಿಡಿ ಹಿಡಿಯಾಗಿ ರಾಗಿ ಹಾಕಿದ. ಕಲ್ಲು ಗರಗರ ತಿರುಗಿತು. ಸಿಟ್ಟಿನಲ್ಲಿ ಜೋರಾಗಿ ತಿರುಗಿಸಿದ. ಕಲ್ಲು ಎಷ್ಟು ಜೋರಾಗಿ ತಿರುಗಿದರೂ ಇದ್ದ ಜಾಗ ಬಿಟ್ಟು ಕದಲಲಿಲ್ಲ.

ಬೀಸಿ ಮುಗಿದ ಮೇಲೆ ಹಿಟ್ಟು ಬಳಿದುಕೊಳ್ಳಲು ಮೇಲಿನ ಕಲ್ಲನ್ನು ಎತ್ತಿದ.

ಅದು ಸುಮ್ಮನೆ ಎದ್ದು ಬಂತು.

ಕೆಳಗಿನ ಕಲ್ಲಿನ ನಡುವೆ ಕಬ್ಬಿಣದ ಒಂದು ಗೂಟ ನೆಟ್ಟಗೆ ನಿಂತಿತ್ತು.

ಶಿವಮಲ್ಲು ಕಲ್ಲನ್ನು ಕೈಯಲ್ಲಿ ಹಿಡಿದುಕೊಂಡೇ ಆ ಗೂಟವನ್ನು ನೋಡಿದ. ಕಲ್ಲನ್ನು ಕೆಳಗಿಟ್ಟ. ತಿರುಗಿಸಿದ. ಎತ್ತಿದ. ಮತ್ತೆ ಇಟ್ಟ. ಬೋಲ್ಟಿಲ್ಲ, ಬೀಗವಿಲ್ಲ. ತನ್ನ ಭಾರಕ್ಕೆ ತಾನು ಕೂತಿದೆ. ಅವನ ಅಜ್ಜಿ ಬೀಸುತ್ತಿದ್ದ ಕಲ್ಲೂ ಹೀಗೇ ಇತ್ತು. ಹುಟ್ಟಿದಾಗಿನಿಂದ ನೋಡಿದ್ದ ಕಲ್ಲನ್ನು ಅವನು ಈಗ ಮೊದಲ ಸಲ ನೋಡುತ್ತಿದ್ದ.

ಅವನು ಎದ್ದು ಓಡಿದ. ಮೈಯೆಲ್ಲ ಹಿಟ್ಟಾಗಿತ್ತು. ಅವ್ವ ಹಿತ್ತಲಲ್ಲಿ ಸೊಪ್ಪು ಬಿಡಿಸುತ್ತಿದ್ದರು.

"ಅವ್ವ! ಎತ್ತಿದರೆ ಬರುತ್ತೆ! ಬರೀ ಎತ್ತಿದರೆ ಸಾಕು!"

"ಹಿಟ್ಟು ನುಣ್ಣಗಾಯ್ತಾ?" ಎಂದು ಕೇಳಿದರು ಅವ್ವ.

ಜೀಪಿನ ಕಡೆಗೆ ಬೆರಳು ಗಾತ್ರದ ಗೂಟಗಳನ್ನು ಮೇಲ್ಮುಖವಾಗಿ ಬೆಸೆದ. ಬಾಗಿಲಿನ ಕಡೆಗೆ ಆ ಗೂಟಗಳ ಮೇಲೆ ಕೂರುವ ಕೊಳವೆಗಳನ್ನು ಬೆಸೆದ. ಬಾಗಿಲು ಕೂತಿತು. ತಿರುಗಿತು. ಚಿಲಕ ತೆಗೆದು ಎತ್ತಿದರೆ ಕಳಚಿ ಕೈಗೆ ಬಂತು.

ಅವ್ವ ಎತ್ತಲು ಬಂದರು. ಬಾಗಿಲು ಅವರ ಕೈಗೆ ಭಾರವಾಯಿತು.

"ನೀನು ಎತ್ತಬಹುದು. ನಾನು?"

ಶಿವಮಲ್ಲು ತನ್ನ ದಪ್ಪ ತಗಡಿನ ಕಡೆ ನೋಡಿದ. ಅದನ್ನು ಕತ್ತರಿಸಲು ಮನಸ್ಸು ಬರಲಿಲ್ಲ. ಆದರೂ ಕತ್ತರಿಸಿದ. ಬಾಗಿಲು ಕೂತವರ ಮೊಣಕೈ ಎತ್ತರಕ್ಕೆ ಇಳಿಯಿತು. ಅದರ ಮೇಲಿನ ಜಾಗಕ್ಕೆ, ಮಳೆ ಬಂದರೆ ಇಳಿಬಿಡಲು, ಟಾರ್ಪಾಲಿನ ಪರದೆ ಹೊಲಿದ. ತಗಡು ಹಗುರಾದ ಮೇಲೆ ಅವ್ವ ಮತ್ತೆ ಬಂದು ಎತ್ತಿದರು, ತೊಟ್ಟಿಲಿನಿಂದ ಕೂಸನ್ನು ಎತ್ತುವ ಹಾಗೆ.

"ಬಂತು" ಎಂದರು. ಮತ್ತೆ ಇಟ್ಟರು. "ಕೂತಿತು."

ಮರುದಿನ ಬಾಗಿಲುಗಳನ್ನು ಮರಕ್ಕೆ ಒರಗಿಸಿ ಇಬ್ಬರೂ ಬೆಟ್ಟ ಹತ್ತಿದರು. ಅವ್ವ ಓಡಿಸುತ್ತಿದ್ದರು. ಶಿವಮಲ್ಲುವಿನ ಕಾಲ ಪಕ್ಕದಲ್ಲೇ ನೆಲ ಹರಿದುಹೋಗುತ್ತಿತ್ತು. ಚಕ್ರ ಒಂದೊಂದು ಕಲ್ಲನ್ನೂ ತಡವಿ, ಹತ್ತಿ, ಇಳಿಯುವುದು ಕಾಣುತ್ತಿತ್ತು. ಒದ್ದೆ ಹುಲ್ಲಿನ ವಾಸನೆ ಬಂತು. ಕಣಿವೆಯ ಅಂಚು ಬಂದಾಗ ಕೆಳಗೆ, ಅವರಿಗಿಂತ ಕೆಳಗೆ, ಒಂದು ಗರುಡ ರೆಕ್ಕೆ ಬಡಿಯದೆ ತೇಲುತ್ತಿತ್ತು. ಅದರ ಬೆನ್ನಿನ ಮೇಲೆ ಬಿಸಿಲು ಬಿದ್ದಿತ್ತು.

ಗರುಡನ ಬೆನ್ನನ್ನು ಅವನು ಎಂದೂ ನೋಡಿರಲಿಲ್ಲ.

"ಅವ್ವ, ಈ ದಾರಿಯಲ್ಲಿ ಎಷ್ಟು ಸಲ ಬಂದಿದ್ದೀನಿ" ಎಂದ.

"ಈಗ ಬಂದೆ" ಎಂದರು ಅವ್ವ.

ಮಳೆಗಾಲ ಶುರುವಾಯಿತು. ಬಾಗಿಲು ಹಾಕಿಕೊಂಡೇ ಹೋಗಬೇಕಾಯಿತು.

ಒಂದು ದಿನ ಚಕ್ರ ಬಂಡೆಯ ಮೇಲಿನಿಂದ ದಡಕ್ಕನೆ ಕೆಳಗಿಳಿದಾಗ ಅವ್ವನ ಕಡೆಯ ಬಾಗಿಲು ಗೂಟ ಬಿಟ್ಟು ಮೇಲಕ್ಕೆ ಹಾರಿತು. ಚಿಲಕವೂ ಬಿಟ್ಟುಕೊಂಡಿತು. ಬಾಗಿಲು ಇಳಿಜಾರಿನಲ್ಲಿ ಉರುಳಿಹೋಗಿ ಒಂದು ಪೊದೆಗೆ ಸಿಕ್ಕಿ ನಿಂತಿತು. ಅವ್ವ ಆ ಕಡೆಗೇ ವಾಲಿ, ಸ್ಟೀರಿಂಗ್ ಹಿಡಿದುಕೊಂಡು ಸಾವರಿಸಿಕೊಂಡರು.

ಅವ್ವನಿಗೆ ನಗು ಬಂತು. "ಓಡಿಹೋಯ್ತಲ್ಲೋ ನಿನ್ನ ಬಾಗಿಲು! ಗೂಟ ಗಿಡ್ಡವಾಯ್ತು. ಉದ್ದ ಮಾಡು, ಸರಿಹೋಗುತ್ತೆ."

ಶಿವಮಲ್ಲುವಿಗೆ ನಗು ಬರಲಿಲ್ಲ. ಅವ್ವ ವಾಲಿದ್ದು, ಅವರ ಪಕ್ಕದಲ್ಲಿ ಬಾಯಿ ತೆರೆದುಕೊಂಡ ಕಣಿವೆ, ಇವೇ ಕಣ್ಣ ಮುಂದೆ ನಿಂತಿದ್ದವು.

ಅವನು ಗೂಟಗಳನ್ನು ಉದ್ದ ಮಾಡಿದ. ಎಷ್ಟು ಕುಲುಕಿದರೂ ಬಾಗಿಲು ಹಾರಲಿಲ್ಲ. ಕೆಲಸ ಅಲ್ಲಿಗೆ ಮುಗಿದಿತ್ತು.

ಅವನ ಮನಸ್ಸಿಗೆ ಮುಗಿದಿರಲಿಲ್ಲ. ಅವ್ವ ಜಪಕ್ಕೆ ಕೂತಿದ್ದ ಹೊತ್ತಿನಲ್ಲಿ, ಅವರ ಕಡೆಯ ಬಾಗಿಲಿಗೆ ಮಾತ್ರ, ಕೆಳಗಿನ ಕೀಲಿನ ಅಡಿಯಲ್ಲಿ ಒಳಗಡೆಯಿಂದ ಒಂದು ಬೋಲ್ಟು ಹಾಕಿ ನಟ್ಟು ಬಿಗಿದ. ಅದರ ಮೇಲೆ ಹಸಿರು ಬಣ್ಣ ಹಚ್ಚಿದ. ಹುಡುಕಿದರೂ ಕಾಣುತ್ತಿರಲಿಲ್ಲ.

ಅಂದಿನಿಂದ ಅವ್ವ ಬಾಗಿಲು ಎತ್ತಲು ಕೈ ಹಾಕಿದರೆ, "ಬಿಡಿ ಅವ್ವ, ನಾನು ತೆಗೀತೀನಿ" ಎಂದು ಓಡಿಬರುತ್ತಿದ್ದ. ಬಗ್ಗಿ, ಸದ್ದಿಲ್ಲದೆ ನಟ್ಟು ಸಡಿಲಿಸಿ, ಬಾಗಿಲು ಎತ್ತುತ್ತಿದ್ದ. ಮತ್ತೆ ಬಿಗಿದಾಗಲೆಲ್ಲ ಮೇಲೆ ಬಣ್ಣ ಹಚ್ಚುತ್ತಿದ್ದ. ಶಿಷ್ಯನ ಸೇವೆ ಎಂದು ಅವ್ವ ಬಿಟ್ಟುಬಿಟ್ಟರು.

ಒಂದು ಬೆಳಿಗ್ಗೆ ಮೇಲಿನ ದೊಡ್ಡಿಯಿಂದ ಕರೆ ಬಂತು. ಸಣ್ಣತಾಯಿ ಎಂಬ ಬಸುರಿಗೆ ನೋವು ಶುರುವಾಗಿತ್ತು. ಮಗು ಅಡ್ಡ ತಿರುಗಿದೆ, ಇಲ್ಲಿ ಆಗುವುದಿಲ್ಲ ಎಂದು ಸೂಲಗಿತ್ತಿ ಕೈಚೆಲ್ಲಿದ್ದಳು.

ತುಂತುರು ಹನಿಯುತ್ತಿತ್ತು. ಅವ್ವ, ಶಿವಮಲ್ಲು ಬಾಗಿಲು ಹಾಕಿಕೊಂಡೇ ಹೋದರು. ಸಣ್ಣತಾಯಿಯನ್ನು ಹಿಂದಿನ ಸೀಟಿನ ಮೇಲೆ ಮಲಗಿಸಿದರು. ಅವಳ ಅತ್ತೆ ಪುಟ್ಟಮಾದಮ್ಮ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು.

ಜಾಡು ಇಳಿದು ಹೊಳೆಗೆ ಬಂದರು. ಮಳೆ ನಿಂತಿತ್ತು. ಹೊಳೆಯಲ್ಲಿ ಮೀನಖಂಡ ಮುಳುಗುವಷ್ಟು ನೀರು, ತಳದ ಕಲ್ಲು ಕಾಣುವಷ್ಟು ತಿಳಿ. ಅವ್ವ ಇಳಿದು ನೀರಿಗೆ ಕೈಯಿಟ್ಟು, ಮೇಲ್ಗಡೆ ನೋಡಿ, ಕಿವಿಗೊಟ್ಟು ಕೇಳಿದರು. ಆಮೇಲೆ ಜೀಪನ್ನು ನೀರಿಗೆ ಇಳಿಸಿದರು.

ನಡುಹೊಳೆಗೆ ಬಂದಾಗ ನೀರಿನ ಬಣ್ಣ ತಿರುಗಿತು.

ಮೊದಲು ಕೆಂಪು. ಆಮೇಲೆ ನೊರೆ, ತರಗೆಲೆ, ಮುರಿದ ಕೊಂಬೆ. ಬೆಟ್ಟದ ಮೇಲೆ ಎಲ್ಲೋ ಸುರಿದ ಮಳೆ ಈಗ ಬಂದು ಮುಟ್ಟಿತ್ತು. ನೋಡನೋಡುತ್ತಿದ್ದಂತೆ ನೀರು ಜೀಪಿನ ನೆಲಕ್ಕೆ ಏರಿತು. ಎಂಜಿನ್ ಕೆಮ್ಮಿ ನಿಂತುಹೋಯಿತು.

ಅವ್ವ ಕೂತ ಕಡೆಯಿಂದ ಹೊಳೆ ಬರುತ್ತಿತ್ತು. ಶಿವಮಲ್ಲು ಕೂತ ಕಡೆ, ಸ್ವಲ್ಪ ಕೆಳಗೆ, ಮಡು ಇತ್ತು. ಅದರ ಆಳ ಕಂಡವರಿರಲಿಲ್ಲ.

ನೀರು ಅವ್ವನ ಬಾಗಿಲಿಗೆ ಬಂದು ಬಡಿಯಿತು. ಜೀಪು ಇದ್ದಕ್ಕಿದ್ದಂತೆ ಹಗುರಾಗಿ, ಅಡ್ಡಡ್ಡಲಾಗಿ ಮಡುವಿನ ಕಡೆಗೆ ಜರುಗಿತು.

"ಬಾಗಿಲು ಎತ್ತು" ಎಂದರು ಅವ್ವ.

"ಎತ್ತಿದರೆ ನೀರು ಒಳಗೆ ನುಗ್ಗುತ್ತೆ ಅವ್ವ!"

"ಡಬ್ಬಿ ತೇಲುತ್ತಪ್ಪ. ನಾವೀಗ ಡಬ್ಬಿಯೊಳಗೆ ಕೂತಿದ್ದೀವಿ. ಎತ್ತು."

ಶಿವಮಲ್ಲು ತನ್ನ ಕಡೆಯ ಬಾಗಿಲನ್ನು ಎತ್ತಿದ. ಅದು ಬಂತು. ಕೈಯಿಂದ ಜಾರಿ, ಒಮ್ಮೆ ಹೊಳೆದು, ಮಡುವಿನಲ್ಲಿ ಮುಳುಗಿತು.

ಅವ್ವ ತಮ್ಮ ಕಡೆಯ ಬಾಗಿಲನ್ನು ಎತ್ತಿದರು. ಅದು ಬರಲಿಲ್ಲ. ಇನ್ನೊಮ್ಮೆ ಎತ್ತಿದರು. ಬರಲಿಲ್ಲ.

ಅವರು ತಿರುಗಿ ಶಿವಮಲ್ಲುವಿನ ಮುಖ ನೋಡಿದರು.

"ಏನು ಹಾಕಿದ್ದೀಯ?" ಎಂದು ಕೇಳಿದರು. ಉಪ್ಪು ಎಲ್ಲಿಟ್ಟಿದ್ದೀಯ ಎಂದು ಕೇಳುವ ಧ್ವನಿಯಲ್ಲಿ ಕೇಳಿದರು.

"ಬೋಲ್ಟು ಅವ್ವ."

"ಎಲ್ಲಿ?"

"ಕೆಳಗಿನ ಕೀಲಿನ ಅಡಿಯಲ್ಲಿ."

"ಬಿಚ್ಚು."

ಸ್ಪ್ಯಾನರ್ ಸೀಟಿನ ಕೆಳಗೆ ನೀರಿನಲ್ಲಿ ಮುಳುಗಿತ್ತು. ಶಿವಮಲ್ಲು ತಡಕಿದ. ಸಿಕ್ಕಿದ್ದು ಜಾಕಿನ ಹಿಡಿ. ಮತ್ತೆ ತಡಕಿದ. ಸಿಕ್ಕಿತು. ಅವ್ವನ ಪಾದಗಳ ಮೇಲೆ ಅಡ್ಡ ಬಿದ್ದು, ಮುಖ ನೀರಿಗೆ ತಾಗುವಂತೆ ಬಗ್ಗಿ, ನಟ್ಟಿಗೆ ಸ್ಪ್ಯಾನರ್ ಕೊಟ್ಟ. ಸ್ಪ್ಯಾನರ್ ಜಾರಿತು. ತಾನೇ ಹಚ್ಚಿದ ಬಣ್ಣ ನಟ್ಟಿನ ಅಂಚು ಮುಚ್ಚಿಬಿಟ್ಟಿತ್ತು.

ಜೀಪು ಮತ್ತೊಂದು ಸಲ ಜರುಗಿತು. ಸಣ್ಣತಾಯಿ ಕಿರುಚಿದಳು.

"ಅಲ್ಲೇನು ಮಾಡ್ತಿದ್ದೀಯೋ ಮಾರಾಯ, ಬೇಗ ಮಾಡೋ!" ಎಂದು ಪುಟ್ಟಮಾದಮ್ಮ ಕೂಗಿದಳು.

ಅವ್ವ ಅವನ ಬೆನ್ನಿನ ಮೇಲೆ ಕೈಯಿಟ್ಟರು. ಒತ್ತಲಿಲ್ಲ, ತಟ್ಟಲಿಲ್ಲ. ಸುಮ್ಮನೆ ಇಟ್ಟರು.

ಅವನು ಸ್ಪ್ಯಾನರಿನ ಮೂತಿಯಿಂದ ಬಣ್ಣ ಕೆರೆದ. ನಟ್ಟು ತಿರುಗಿತು. ಮತ್ತೆ ತಿರುಗಿತು. ಬೋಲ್ಟು ಕಳಚಿ ಅವನ ಬೆರಳ ಸಂದಿಯಿಂದ ಜಾರಿಹೋಯಿತು.

"ಬಿಚ್ಚಿತು!" ಎಂದು ಅವನು ಎದ್ದು, ಚಿಲಕ ಎಳೆದು, ಭುಜ ಕೊಟ್ಟು ಬಾಗಿಲನ್ನು ಆಚೆಗೆ ನೂಕಿದ. ಬಾಗಿಲು ಕದಲಲಿಲ್ಲ. ಆಚೆಯಿಂದ ಇಡೀ ಹೊಳೆ ನೂಕುತ್ತಿತ್ತು. ಅವನು ಹಲ್ಲು ಕಚ್ಚಿ ಇನ್ನೂ ನೂಕಿದ.

"ಅದರ ಜೊತೆ ಜಗಳಕ್ಕೆ ನಿಲ್ಲಬೇಡ" ಎಂದರು ಅವ್ವ. "ಎತ್ತು."

ಇಬ್ಬರೂ ಸೇರಿ ಎತ್ತಿದರು. ಉದ್ದನೆಯ ಗೂಟಗಳ ಮೇಲೆ ಕೊಳವೆಗಳು ಕಿರ್ರೆಂದು ಉಜ್ಜಿಕೊಂಡು ಮೇಲೆದ್ದವು. ಕೆರೆಯ ತೂಬು ಎತ್ತಿದ ಹಾಗೆ, ಬಾಗಿಲಿನ ಅಡಿಯಿಂದ ನೀರು ಒಳಗೆ ಬಂತು. ಇನ್ನಷ್ಟು ಎತ್ತಿದರು. ಬಾಗಿಲು ಗೂಟ ಬಿಟ್ಟಿತು. ಹೊಳೆ ಅದನ್ನು ಅವರ ಕೈಯಿಂದ ಕಿತ್ತುಕೊಂಡು ಬಾನೆಟ್ಟಿನ ಮೇಲಿಂದ ಹೊರಳಿಸಿ ಒಯ್ದಿತು.

ಹೊಳೆ ಒಳಗೆ ಬಂತು.

ಅವ್ವನ ಕಡೆಯಿಂದ ಬಂತು. ಅವ್ವನ ಮಡಿಲ ಮೇಲೆ ಹಾದು, ಶಿವಮಲ್ಲುವಿನ ಮಡಿಲ ಮೇಲೆ ಹಾದು, ಅವನ ಕಡೆಯಿಂದ ಆಚೆ ಹೋಯಿತು.

ಜೀಪು ಒಮ್ಮೆ ಮೈ ನಡುಗಿಸಿತು. ಮೆಲ್ಲಗೆ ಕೆಳಗಿಳಿಯಿತು. ಚಕ್ರಗಳು ತಳದ ಕಲ್ಲುಗಳ ನಡುವೆ ಕೂತವು.

ನಿಂತಿತು.

ಹೊಳೆಯ ಸದ್ದು ಬದಲಾಯಿತು. ಇಷ್ಟು ಹೊತ್ತು ಬಡಿಯುತ್ತಿದ್ದುದು ಈಗ ಹರಿಯುತ್ತಿತ್ತು.

ಸೀಟಿನ ಅಂಚಿನವರೆಗೆ ನೀರು ಬಂದು ಅಲ್ಲೇ ನಿಂತಿತು. ಪುಟ್ಟಮಾದಮ್ಮ ಸೊಸೆಯನ್ನು ಎತ್ತಿ ಎದೆಗೆ ಒರಗಿಸಿಕೊಂಡಳು. ಹೊಂಗೆ ಎಲೆಗಳು ಅವ್ವನ ಮಡಿಲಿಗೆ ಬಂದು, ಒಂದು ಸುತ್ತು ತಿರುಗಿ, ಮುಂದೆ ಹೋದವು. ಮುಳ್ಳಿನ ಕೊಂಬೆಯೊಂದು ಬಂತು. ಅವ್ವ ಅದನ್ನು ಎರಡು ಬೆರಳಲ್ಲಿ ಹಿಡಿದು, ಯಾರಿಗೂ ತಾಗದಂತೆ ತಿರುಗಿಸಿ, ಆಚೆ ಬಿಟ್ಟರು. ಒಂದು ಕಪ್ಪೆಮರಿ ಸ್ಟೀರಿಂಗಿನ ಮೇಲೆ ಹತ್ತಿ ಕೂತಿತು. ಗಂಟಲು ಮಿಡಿಯುತ್ತಾ ಅವ್ವನನ್ನು ನೋಡಿತು. ಮತ್ತೆ ನೀರಿಗೆ ಹಾರಿಕೊಂಡಿತು.

ಶಿವಮಲ್ಲು ಅವ್ವನ ಮುಖ ನೋಡಿದ. ಬೆಟ್ಟವನ್ನೇ ಕೊರೆದು ಬಂದ ನೀರು ಆ ಮುದುಕಿಯ ಸೀರೆಯ ನೆರಿಗೆಗಳನ್ನು ಸವರಿಕೊಂಡು ಹೋಗುತ್ತಿತ್ತು. ಅವನು ಕೈ ಮುಗಿಯಬೇಕೆಂದುಕೊಂಡ. ಕೈ ಏಳಲಿಲ್ಲ. ಕಣ್ಣು ಮಾತ್ರ ತೆರೆದುಕೊಂಡೇ ಇತ್ತು.

ಆಚೆ ದಡದ ಜನ ಹಗ್ಗ ತಂದರು. ಜೀಪಿಗೆ ಕಟ್ಟಿದರು. ಹಗ್ಗ ಹಿಡಿದು ಸಾಲಾಗಿ ನೀರಿನಲ್ಲಿ ನಿಂತು, ತೆರೆದ ಜಾಗದಿಂದ ಸಣ್ಣತಾಯಿಯನ್ನು ಎತ್ತಿ ಕೈಯಿಂದ ಕೈಗೆ ದಾಟಿಸಿದರು. ಆಮೇಲೆ ಪುಟ್ಟಮಾದಮ್ಮನನ್ನು, ಅವ್ವನನ್ನು, ಕೊನೆಗೆ ಶಿವಮಲ್ಲುವನ್ನು.

ಮಧ್ಯಾಹ್ನ ಆಸ್ಪತ್ರೆಯಿಂದ ಸುದ್ದಿ ಬಂತು. ಹೆಣ್ಣು ಮಗು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ.

ಶಿವಮಲ್ಲು ಆ ದಿನ ಊಟ ಮಾಡಲಿಲ್ಲ. ಮರುದಿನ ಅವ್ವನ ಮುಂದೆ ಬಂದು ಕೂತ.

"ನಾನು ಬೋಲ್ಟು ಹಾಕಿದ್ದು ನಿಮಗೆ ಮೊದಲೇ ಗೊತ್ತಿತ್ತಾ ಅವ್ವ?"

"ಇಲ್ಲ. ಗೊತ್ತಿದ್ದರೆ ಆ ಹುಡುಗಿಯನ್ನ ಜೀಪಿಗೆ ಹತ್ತಿಸ್ತಿರಲಿಲ್ಲ."

ಅವ್ವ ಅದನ್ನು ಮೆಲ್ಲಗೇ ಹೇಳಿದರು. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು.

"ನನಗೆ ಏನು ಶಿಕ್ಷೆ ಕೊಡ್ತೀರೋ ಕೊಡಿ."

"ನನ್ನನ್ನ ಯಾಕೆ ಕೇಳ್ತೀಯ? ನನಗೆ ವಯಸ್ಸಾಯ್ತು. ಇನ್ನೇನು ಹುಟ್ಟಬೇಕಾಗಿದ್ದ ಜೀವ ಒಂದು ಆ ಜೀಪಿನಲ್ಲಿತ್ತು. ಆ ಮನೆಯವರನ್ನ ಕೇಳು, ಹೋಗು."

ಸಣ್ಣತಾಯಿ ದೊಡ್ಡಿಗೆ ಮರಳಿದ ಮೇಲೆ ಶಿವಮಲ್ಲು ಜಾಡು ಹತ್ತಿ ನಡೆದುಕೊಂಡೇ ಹೋದ. ಪುಟ್ಟಮಾದಮ್ಮ ಜಗುಲಿಯ ಮೇಲೆ ಕೂಸಿಗೆ ಎಣ್ಣೆ ಸವರುತ್ತಿದ್ದಳು. ಅವನು ನಿಂತೇ ಎಲ್ಲ ಹೇಳಿದ. ಬಾಗಿಲು ಯಾಕೆ ಬರಲಿಲ್ಲ, ಯಾರು ಹಾಗೆ ಮಾಡಿದ್ದು, ಒಂದನ್ನೂ ಬಿಡಲಿಲ್ಲ.

ಪುಟ್ಟಮಾದಮ್ಮನ ಕೈ ನಿಂತಿತು.

"ಯಾಕ್ಲಾ ಹಾಗೆ ಮಾಡ್ದೆ?"

"ಅವ್ವ ಬಿದ್ದುಬಿಟ್ಟರೆ ಅಂತ ಹೆದರಿಕೆ."

ಅವಳು ಮತ್ತೆ ಎಣ್ಣೆ ಸವರತೊಡಗಿದಳು. ಆಮೇಲೆ ಕೂಸಿನ ಕಡೆ ನೋಡುತ್ತಾ ಹೇಳಿದಳು: "ಇದು ಹುಟ್ಟಿದ ಗಳಿಗೆಯಿಂದ ನಂಗೂ ಅದೇ ಗೋಳಾಗದೆ. ಸೊಳ್ಳೆ ಕಂಡ್ರೂ ಎದೆ ನಡುಗ್ತದೆ."

ಒಳಗಿನಿಂದ ಸಣ್ಣತಾಯಿ ಬಂದು ಬಾಗಿಲಿಗೆ ಒರಗಿ ನಿಂತಳು. ಅವಳೂ ಕೇಳಿಸಿಕೊಂಡಿದ್ದಳು.

"ಅಣ್ಣ, ನಾನು ಸತ್ತೆ ಅಂತಲೇ ಅಂದ್ಕೊಂಡಿದ್ದೆ" ಎಂದಳು. "ಆಮೇಲೆ ಆ ನೀರು ಒಳಗೆ ಬಂತಲ್ಲ, ನನ್ನ ಕಾಲು ಸವರಿಕೊಂಡು ಸುಮ್ನೆ ಹೊರಟೋಯ್ತು. ಅಷ್ಟು ದೊಡ್ಡ ಹೊಳೆ! ಯಾರಿಗೆ ಹೇಳಿದ್ರೂ ನಂಬ್ತಿಲ್ಲ."

ಪುಟ್ಟಮಾದಮ್ಮ ಕೂಸನ್ನು ಎತ್ತಿ ಅವನ ಕಡೆ ಚಾಚಿದಳು. ಶಿವಮಲ್ಲು ಹಿಂದೆ ಸರಿದ.

"ಹಿಡ್ಕೋ. ಆ ಬಾಗಿಲು ನೀನೂ ಎತ್ತಿದವನೇ ತಾನೆ."

ಅವನು ಹಿಡಿದುಕೊಂಡ. ಎಣ್ಣೆ ಹಚ್ಚಿದ ಮೈ ಜಾರುತ್ತಿತ್ತು. ಎಷ್ಟು ಬಿಗಿಯಾಗಿ ಹಿಡಿಯಬೇಕೋ ತಿಳಿಯದೆ ಉಸಿರು ಕಟ್ಟಿ ನಿಂತ. ಕೂಸು ಕಣ್ಣು ಬಿಟ್ಟು, ಅವನನ್ನು ದಾಟಿ, ಆಕಾಶ ನೋಡಿತು.

"ಇನ್ನು ಅಂಥ ಬೋಲ್ಟು ಹಾಕಬೇಡ, ತಿಳೀತಾ?" ಎಂದಳು ಪುಟ್ಟಮಾದಮ್ಮ. "ಕೂತ್ಕೋ, ಒಂದು ಮುದ್ದೆ ಉಂಡ್ಕೊಂಡು ಹೋಗು."

ಆಶ್ರಮಕ್ಕೆ ಬಂದು ಅವನು ಎಂಜಿನ್ನಿನ ಕೆಸರು ತೊಳೆದ. ಹೊಸ ಬಾಗಿಲು ಮಾಡಿದ. ಉದ್ದನೆಯ ಗೂಟ, ಹಗುರ ತಗಡು. ಅಲುಗಾಡದಂತೆ ಒಂದು ತೊಗಲಿನ ಪಟ್ಟಿ ಹಾಕಿದ, ಒಂದು ಬೆರಳು ತೂರಿಸಿ ಎಳೆದರೆ ಬಿಟ್ಟುಕೊಳ್ಳುವಂಥದ್ದು. ಅದನ್ನು ಎಲ್ಲರಿಗೂ ಕಾಣುವ ಕಡೆಯೇ ಹಾಕಿದ.

ಅವ್ವ ಕಣ್ಣು ಮುಚ್ಚಿಕೊಂಡು ಕೂತು, ಬೆರಳು ತೂರಿಸಿ, ಎಳೆದು, ಎತ್ತಿದರು. ಬಂತು. ಇನ್ನೊಂದು ಕಡೆಯದನ್ನೂ ಎತ್ತಿ ನೋಡಿದರು. ಬಂತು. ಎರಡನ್ನೂ ಮರಕ್ಕೆ ಒರಗಿಸಲು ಹೇಳಿದರು.

ಮಳೆಗಾಲ ಕಳೆದಿತ್ತು. ಆಚೆ ದಡಕ್ಕೆ ಹೋಗಲು ಇಬ್ಬರೂ ಜೀಪು ಹತ್ತಿದರು. ನಡುಹೊಳೆಯಲ್ಲಿ ಅವ್ವ ಯಾಕೋ ಗಾಡಿ ನಿಲ್ಲಿಸಿದರು. ನೀರು ತಿಳಿಯಾಗಿ ಚಕ್ರಗಳನ್ನು ಸುತ್ತಿಕೊಂಡು ಹೋಗುತ್ತಿತ್ತು. ಗಾಳಿ ಒಂದು ಕಡೆಯಿಂದ ಬಂದು ಅವರಿಬ್ಬರ ಮುಖ ಸವರಿ ಇನ್ನೊಂದು ಕಡೆ ಹೋಗುತ್ತಿತ್ತು.

"ಒಂದು ಮಾತು ಕೇಳಲಾ ಅವ್ವ?"

"ಕೇಳು."

"ಅವತ್ತು ಇಷ್ಟು ದೊಡ್ಡ ಹೊಳೆ ನಿಮ್ಮ ಮಡಿಲ ಮೇಲೆ ಹರೀತಿತ್ತು. ಪಕ್ಕದಲ್ಲೇ ಮಡು. ನಿಮಗೆ ಭಯ ಆಗಲಿಲ್ವಾ?"

"ಆಗದೆ ಏನು? ಬಂತು."

"ನಿಮ್ಮ ಮುಖದಲ್ಲಿ ನನಗೆ ಕಾಣಲೇ ಇಲ್ಲ."

ಅವ್ವ ಗೇರು ಹಾಕಿದರು. ಜೀಪು ಮೆಲ್ಲಗೆ ಮುಂದೆ ಹೊರಟಿತು.

"ಎಲ್ಲಿ ನಿಲ್ಲುತ್ತಪ್ಪ ಆ ಭಯ? ಎರಡು ಕಡೆಯೂ ಬಾಗಿಲೇ ಇರಲಿಲ್ಲವಲ್ಲ."